ಜೀಪು ಬರುವ ಮೊದಲು ಎದ್ದು ಹೋಗುವ ಗುರುಬಾಯಿ

ಕುಂಬಾರವಾಡದ ಆವಿಗೆಗಳಿಗೆ ಇನ್ನೂ ಬೆಂಕಿ ಬಿದ್ದಿಲ್ಲ. ಧಾರಾವಿಯ ಈ ಓಣಿಯಲ್ಲಿ ನಲ್ಲಿಯ ಮುಂದೆ ಸಾಲುಗಟ್ಟಿದ ಕೊಡಗಳ ಸದ್ದು ಬಿಟ್ಟರೆ ಬೇರೆ ಗದ್ದಲವಿಲ್ಲ. ಚೆನ್ನಯ ಅವರ ಕನ್ನಡಿ ಕಾರ್ಖಾನೆಯ ತಗಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಒಂದೇ ಬಲ್ಬಿನ ಕೆಳಗೆ ಗುರುಬಾಯಿ ಕೂತಿದ್ದಾರೆ. ಅವರ ಮುಂದೆ, ಮರದ ಚೌಕಟ್ಟಿನಲ್ಲಿ, ಎತ್ತಿನಗಾಡಿಯ ಗಾಲಿಯಷ್ಟು ಅಗಲದ ಗಾಜಿನ ಬೋಗುಣಿ. ಅದರೊಳಗೆ ಬೆಳ್ಳಿ ಕರಗಿಸಿದ ನೀರು. ಇಲ್ಲಿ ಅದಕ್ಕೆ ಚಾಂದಿ ನೀರು ಎನ್ನುತ್ತಾರೆ. ಕೂಸು ಮಲಗಿದ ತೊಟ್ಟಿಲು ತೂಗುವ ಹಾಗೆ ಅದನ್ನು ಆಚೆ ಈಚೆ ತೂಗುತ್ತಿದ್ದಾರೆ, ಮೆಲ್ಲಗೆ, ಒಂದೇ ಸಮನೆ.

ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಪ್ಪಾಗುತ್ತದೆ. ಎಲ್ಲ ಕೆಟ್ಟಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಗಾಜಿನ ತಳದಿಂದ ಬಲ್ಬು ತಲೆಕೆಳಗಾಗಿ ನಮ್ಮನ್ನೇ ನೋಡುತ್ತದೆ. "ಬಂತ್ ನೋಡ್ರಿ ಅಣ್ಣಾರ," ಎನ್ನುತ್ತಾರೆ ಗುರುಬಾಯಿ. ಅಷ್ಟೇ. ಹಿಗ್ಗಲು ಅವರಿಗೆ ಪುರುಸೊತ್ತಿಲ್ಲ. ಕಪ್ಪು ನೀರನ್ನು ಬಸಿದು, ಒಳ್ಳೆಯ ನೀರಿನಿಂದ ಎರಡು ಸಲ ತೊಳೆದು, ಕನ್ನಡಿಗೆ ಬಿಳಿ ಬಟ್ಟೆ ಹೊದಿಸುತ್ತಾರೆ. ತಾವು ಕೂತ ಮಣೆಯನ್ನು ಮೂಲೆಗೆ ಸರಿಸುತ್ತಾರೆ, ಚಹಾ ಕುಡಿದ ಲೋಟವನ್ನು ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಒಂದು ಹೆಂಗಸು ಇಲ್ಲಿ ಕೂತು ಕೆಲಸ ಮಾಡಿದ್ದಳೆಂಬ ಗುರುತು ಕಾರ್ಖಾನೆಯಲ್ಲಿ ಉಳಿಯುವುದಿಲ್ಲ. ಆಮೇಲೆ ಹಿಂದಿನ ಬಾಗಿಲಿನಿಂದ ಹೊರಬೀಳುತ್ತಾರೆ.

"ಇಷ್ಟು ಅವಸರ ಯಾಕೆ?" ಎಂದು ಕೇಳಿದೆ.

"ಜೀಪ್ ಬರ್ತೈತ್ರಿ. ಜೀಪಿನವ್ರ ಕಣ್ಣಿಗೆ ನಾ ಬೀಳಬಾರ್ದು."

ಜೀಪು ಬರುವುದು ಗೋರೆಗಾಂವ್ ಕಡೆಯ ಒಂದು ವಿಜ್ಞಾನ ಸಂಸ್ಥೆಯಿಂದ. ಅದರ ಹೆಸರು ನಮಗೆ ಬೇಡ. ಅಲ್ಲಿನವರು ಒಂದು ಹೊಸ ವೀಕ್ಷಣಾಲಯ ಕಟ್ಟುವ ಯೋಜನೆ ಹಾಕಿದ್ದಾರೆ. ಆಕಾಶದ ಎಲ್ಲಿಂದಲೋ ಗ್ಯಾಮಾ ಕಿರಣ ಎಂಬುದು ಬರುತ್ತದಂತೆ. ಅದು ನೆಲ ಮುಟ್ಟುವುದಿಲ್ಲ. ಮೇಲಿನ ಗಾಳಿಗೆ ಬಡಿದು ಅಲ್ಲೇ ಮುಗಿಯುತ್ತದೆ. ಮುಗಿಯುವಾಗ ಒಂದು ನೀಲಿ ಬೆಳಕು ಮಿನುಗುತ್ತದೆ. ಮನುಷ್ಯನ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕು, ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಆರಿಹೋಗುವ ಬೆಳಕು. ಅದನ್ನು ಹಿಡಿಯಬೇಕೆಂದರೆ ದೊಡ್ಡ ಕನ್ನಡಿ ಬೇಕು, ಚಂದ್ರನಿಲ್ಲದ ಕತ್ತಲು ಬೇಕು. ಮುಂಬಯಿಯಲ್ಲಿ ಕತ್ತಲೆಲ್ಲಿದೆ? ಅದಕ್ಕೆ ದೂರದ ಒಂದು ಬೋಳುಗುಡ್ಡವನ್ನು ನೋಡಿಟ್ಟಿದ್ದಾರೆ. ಕನ್ನಡಿ ಮಾತ್ರ ಮುಂಬಯಿಯಲ್ಲೇ ಸಿಕ್ಕಿವೆ. ಮಹಾಯುದ್ಧದ ಕಾಲದಲ್ಲಿ ವಿಮಾನ ಹುಡುಕಲು ಬೆಳಕು ಬಿಡುತ್ತಿದ್ದ ಸರ್ಚ್‌ಲೈಟುಗಳ ಬೋಗುಣಿ ಗಾಜುಗಳವು. ಸಮುದ್ರದ ಗಾಳಿ ತಿಂದು ಅವುಗಳ ಹೊಳಪು ಎಂದೋ ಹೋಗಿತ್ತು. ಗುಜರಿಯಿಂದ ತಂದ ಅಂಥ ಗಾಜಿಗೆ ಮತ್ತೆ ಬೆಳ್ಳಿಯ ಪದರ ಏರಿಸುವುದು ಗುರುಬಾಯಿಯ ಕೆಲಸ.

ಗುರುಬಾಯಿ ಬಿಜಾಪುರ ಜಿಲ್ಲೆಯ ಇಂಡಿ ಕಡೆಯವರು. ಗಂಡ ಮರೆಪ್ಪ ಕಟ್ಟಡಗಳಲ್ಲಿ ಗಾರೆ ಹೊರುತ್ತಾರೆ. ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ಚೆನ್ನಯ ಅವರ ಕಾರ್ಖಾನೆಗೆ ಕಸ ಹೊಡೆಯಲು ಸೇರಿದರು. ಸಲೂನಿನ ಕನ್ನಡಿ, ಪಾನ್ ಅಂಗಡಿಯ ಕನ್ನಡಿ, ಬೀರುವಿನ ಕನ್ನಡಿ, ಇವೇ ಅಲ್ಲಿ ತಯಾರಾಗುತ್ತಿದ್ದವು. ಗಾಜು ತೊಳೆಯುತ್ತ ತೊಳೆಯುತ್ತ ಬೆಳ್ಳಿ ಹಾಕುವುದನ್ನೂ ಕಲಿತರು. "ಕೈ ನಿಧಾನ ಇರಬೇಕ್ರಿ, ಮತ್ತೇನಿಲ್ಲ. ಗಂಡಸ್ರಿಗೆ ಅವಸರ ಭಾಳ," ಎನ್ನುತ್ತಾರೆ.

ಬೆಳ್ಳಿ ಗಾಜಿಗೆ ಹತ್ತಿದರೆ ಬಿಳುಪು, ಮೈಗೆ ಹತ್ತಿದರೆ ಕಪ್ಪು. ಗುರುಬಾಯಿಯ ಎರಡೂ ಕೈ ಮೊಣಕೈವರೆಗೆ ಕರ್ರಗಿವೆ. ಸಾಬೂನು, ಹುಣಸೆಹಣ್ಣು, ಬೂದಿ, ಯಾವುದಕ್ಕೂ ಹೋಗದ ಕಪ್ಪು. ಕೊರಳ ಕೆಳಗೆ ಒಂದು ಸುಟ್ಟ ಕಲೆಯೂ ಇದೆ. ಉಳಿದ ಚಾಂದಿ ನೀರನ್ನು ಅಂದಂದೇ ಚೆಲ್ಲಬೇಕು, ಇಟ್ಟರೆ ಬಾಟಲಿ ಸಮೇತ ಸಿಡಿಯುತ್ತದೆ. ಯಾರೋ ಚೆಲ್ಲದೆ ಬಿಟ್ಟಿದ್ದರು, ಸಿಡಿದಾಗ ಹತ್ತಿರ ಇದ್ದವರು ಇವರು.

ಸಂಕ್ರಾಂತಿ ಮುಗಿದ ಈ ದಿನಗಳಲ್ಲಿ ಮುಂಬಯಿಯ ಚಾಳುಗಳಲ್ಲಿ ಮನೆಮನೆಗೂ ಅರಿಶಿನ ಕುಂಕುಮದ ಕರೆ. ಗುರುಬಾಯಿಯನ್ನೂ ಕರೆಯುತ್ತಾರೆ. ಹೋದರೆ ಕುಂಕುಮ ಹಚ್ಚುತ್ತಾರೆ, ಎಳ್ಳುಂಡೆ ಕೊಡುತ್ತಾರೆ. ಇವರು ತಿರುಗಿ ಕುಂಕುಮ ಹಚ್ಚಲು ಕೈ ಎತ್ತಿದರೆ ಮಾತ್ರ ಎದುರಿನವರ ಹಣೆ ಒಂದು ಗೇಣು ಹಿಂದೆ ಸರಿಯುತ್ತದೆ. "ಚರ್ಮದ ಕೆಲಸಕ್ಕ ಹೋಗ್ತಾಳ ಅಂತಾರ್ರಿ. ನಾ ಕನ್ನಡಿ ಮಾಡ್ತೀನಿ ಅಂದ್ರ ನಂಬೂದಿಲ್ಲ," ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ. ಚರ್ಮದ ಕೆಲಸ ಮಾಡಿದ್ದರೆ ತಾನೆ ಏನಾಗುತ್ತಿತ್ತು? ಈ ಊರಿನ ಅರ್ಧ ಜನ ಧಾರಾವಿಯ ಚಪ್ಪಲಿ ಮೆಟ್ಟಿಕೊಂಡು ತಿರುಗುತ್ತಾರೆ.

ಚೆನ್ನಯ ಅವರ ಕಾರ್ಖಾನೆಯ ಮುಂದೆ ಸಂಸ್ಥೆಯ ಜೀಪು ಮೊದಲ ಸಲ ನಿಂತದ್ದು ಬಾಂಗ್ಲಾ ಯುದ್ಧಕ್ಕೆ ಒಂದು ವರ್ಷ ಮೊದಲು. ಇಳಿದವರು ಒಬ್ಬ ಎಂಜಿನಿಯರ್, ಧಾರವಾಡದವರು. ಅವರ ಹೆಸರು ಇಲ್ಲಿ ಬರುವುದಿಲ್ಲ. ಅದು ನನ್ನ ಸೌಜನ್ಯವಲ್ಲ, ಕಾರಣವನ್ನು ಕೊನೆಗೆ ಹೇಳುತ್ತೇನೆ. ಧಾರಾವಿಯ ಓಣಿಯಲ್ಲಿ ಜೋಳದ ರೊಟ್ಟಿಯ ವಾಸನೆ ಬಂದದ್ದೇ ಅವರು ಮುಖ ಅರಳಿಸಿದರಂತೆ. ವಾರಕ್ಕೆ ಮೂರು ನಾಲ್ಕು ಸಲ ಬರತೊಡಗಿದರು. ಗುರುಬಾಯಿಯ ಬುತ್ತಿಯಿಂದ ರೊಟ್ಟಿ ಮುರಿದು ತಿನ್ನುತ್ತಿದ್ದರು, ಆ ಕಪ್ಪು ಕೈಯಿಂದಲೇ ಶೇಂಗಾ ಚಟ್ನಿ ಹಾಕಿಸಿಕೊಳ್ಳುತ್ತಿದ್ದರು. ಅಕ್ಕಾ ಎಂದು ಕರೆಯುತ್ತಿದ್ದರು.

ಇನ್ನೊಂದು ರೂಢಿ ಇತ್ತು. ಕನ್ನಡಿಗೆ ಬೆಳ್ಳಿ ಹಿಡಿದ ಮೇಲೆ ಅದು ಒಣಗುವ ತನಕ ಯಾರೂ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ಎಂಜಿನಿಯರ್ ಚೀಲದಿಂದ ಕನ್ನಡ ಪತ್ರಿಕೆ ತೆಗೆಯುತ್ತಿದ್ದರು. ನಮ್ಮದೇ ಪತ್ರಿಕೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಒಂದು ದಿನ ತಡವಾಗಿ ಬಂದು ಮಾಟುಂಗಾದ ಅಂಗಡಿಯಲ್ಲಿ ಸಿಗುತ್ತದೆ. ಗುರುಬಾಯಿಗೆ ಓದು ಬರುವುದಿಲ್ಲ. ಅವರು ಗೋಡೆಗೆ ಒರಗಿ ಕೂತಿರುತ್ತಿದ್ದರು, ಎಂಜಿನಿಯರ್ ಗಟ್ಟಿಯಾಗಿ ಓದುತ್ತಿದ್ದರು. ಮಳೆ ಬೆಳೆ ಸುದ್ದಿ, ಇಂಡಿಯ ಸಂತೆಯ ಧಾರಣೆ, ಮತ್ತೆ ವಾರದ ಪುರವಣಿಯಲ್ಲಿ ಕೈಕೆಲಸದವರ ಬಗ್ಗೆ ನಾನು ಬರೆಯುವ ಈ ಅಂಕಣ. "ಬೀದರಿನ ಕಡೆ ಬಾಂವಿ ತೋಡಾವ, ಗೋಕಾಕದಾಗ ಆಟಿಗಿ ಮಾಡಾವ, ಎಲ್ಲಾರದೂ ಕೇಳೇನ್ರಿ. ಒಂದಿನ ನಿಂದೂ ಬರೀತಾರ ತಗೋ ಅಕ್ಕಾ ಅಂತಿದ್ರು," ಎಂದು ಗುರುಬಾಯಿ ನೆನೆಯುತ್ತಾರೆ.

ಅವರು ಕೊಟ್ಟ ಮಾತು ಇದೊಂದೇ ಅಲ್ಲ. ವೀಕ್ಷಣಾಲಯಕ್ಕೆ ಮಂಜೂರಿ ಸಿಕ್ಕರೆ ಅಂದೇ ಗುರುಬಾಯಿಯನ್ನು ಸಂಸ್ಥೆಗೇ ಖಾಯಂ ಸೇರಿಸಿಕೊಳ್ಳುವ ಮಾತಾಗಿತ್ತು. ಗುಡ್ಡದ ಮೇಲೆ ಕನ್ನಡಿಗಳಿಗೆ ವರ್ಷವರ್ಷವೂ ಬೆಳ್ಳಿ ಹಾಕಬೇಕು, ಅದಕ್ಕೊಂದು ಕೈ ಬೇಕೇ ಬೇಕು. ಇರಲು ಒಂದು ಕೋಣೆ, ಹೊಗೆಯಿಲ್ಲದ ಗಾಳಿ. ಮರೆಪ್ಪ ಆಗಲೇ ಊರಿನವರಿಗೆಲ್ಲ ಹೇಳಿ ಮುಗಿಸಿದ್ದರು.

ಎಪ್ಪತ್ತೊಂದರ ಮಹಾನವಮಿಯ ಮರುದಿನ, ಹಬ್ಬದ ರಜೆಯಿದ್ದರೂ, ದಿಲ್ಲಿಯಿಂದ ಸಮಿತಿ ಬರುವುದಿತ್ತು. ಮಾದರಿಗೆಂದು ಒಂದು ಕನ್ನಡಿಯನ್ನು ಅವರಿಗೆ ತೋರಿಸಬೇಕು. ನವಮಿಯ ಮಧ್ಯಾಹ್ನ ಗುರುಬಾಯಿ ಗಾಜನ್ನು ಸೀಮೆಸುಣ್ಣದ ಪುಡಿಯಿಂದ ಉಜ್ಜಿ, ತೇಜಾಬಿನಿಂದ, ಅಂದರೆ ಆಮ್ಲದಿಂದ, ತೊಳೆದು, ಬಟ್ಟೆ ಮುಚ್ಚಿಟ್ಟರು. ಹಾಗೆ ತೊಳೆದ ಗಾಜನ್ನು ಬೆರಳ ತುದಿಯಿಂದಲೂ ಮುಟ್ಟಬಾರದು. ಮುಟ್ಟಿದಲ್ಲಿ ಬೆಳ್ಳಿ ಹಿಡಿಯುವುದಿಲ್ಲ. ಬೆಳಿಗ್ಗೆ ಎದ್ದು ಚಾಂದಿ ನೀರು ಸುರಿಯುವುದಷ್ಟೇ ಬಾಕಿ. ಸಂಜೆಗೆ ಕಾರ್ಖಾನೆಯಲ್ಲಿ ಆಯುಧಪೂಜೆ. ನಮ್ಮ ಕಡೆ ಅದು ಖಂಡೇ ಪೂಜೆ. ಚೆನ್ನಯ ಅವರು ಗಾಜು ಕೊಯ್ಯುವ ಕತ್ತಿಗೆ, ತಕ್ಕಡಿಗೆ, ಬಾಗಿಲಿಗೆ ಕುಂಕುಮ ಹಚ್ಚಿದರು. ದೊಡ್ಡ ಕನ್ನಡಿಯ ಹತ್ತಿರ ಬಂದಾಗ ಗುರುಬಾಯಿಯೇ ತಡೆದರು. "ಇದಕ್ಕ ಹೊರಗಿಂದ ಕೈ ಮುಗೀರಿ ಸೇಟ್ರ" ಎಂದರು. ಚೆನ್ನಯ ಇದನ್ನು ಒಪ್ಪುತ್ತಾರೆ: "ಹೌದು ಮಾರಾಯ್ರೆ, ಅವಳು ನನ್ನನ್ನೇ ಮುಟ್ಟಲಿಕ್ಕೆ ಬಿಡಲಿಲ್ಲ."

ಆಮೇಲಿನದನ್ನು ಗುರುಬಾಯಿ ಹೇಳುತ್ತಾರೆ. ಪ್ರಸಾದ ಹಂಚುವ ಗದ್ದಲದಲ್ಲಿ ಅವರು ನೀರು ತರಲು ಒಳಕೋಣೆಗೆ ಹೋದಾಗ, ಪೂಜೆಗೆ ಬಂದಿದ್ದ ಎಂಜಿನಿಯರ್ ಅಲ್ಲಿ ಒಬ್ಬರೇ ಕನ್ನಡಿಯ ಮುಂದೆ ನಿಂತಿದ್ದರು. ಬಟ್ಟೆ ಸರಿದಿತ್ತು. ಗಾಜಿನ ಮೇಲೆ, ಹಣೆಗೆ ಹಚ್ಚಿಕೊಂಡ ಹಾಗೆ ಅಡ್ಡಡ್ಡ, ಮೂರು ಬೆರಳಿನ ವಿಭೂತಿ. ಅವರು ಕಣ್ಣು ಮುಚ್ಚಿ ಕೈ ಮುಗಿದುಕೊಂಡಿದ್ದರು.

"ಸಾಹೇಬ್ರ, ಏನ್ ಮಾಡಿದ್ರಿ, ಅಂದ್ನಿ. ನಾಳಿ ಒಳ್ಳೇದಾಗ್ಲಿ ಅಂತ ಹಚ್ಚೇನವ್ವಾ, ಒರಸ್ತೀನಿ ಅಂದ್ರು. ವಸ್ತ್ರದ್ಲೆ ಒರಸಿದ್ರು. ತೇಜಾಬ್ ತೀರಿತ್ರಿ, ಹಬ್ಬ, ಅಂಗಡಿ ಎಲ್ಲಾ ಬಂದ್. ಬರೇ ನೀರು, ಸುಣ್ಣದ ಪುಡಿ ಹಾಕಿ ನಾನ ಮತ್ತ ತೊಳದ್ನಿ. ಕಣ್ಣಿಗೆ ಸ್ವಚ್ಛ ಕಾಣ್ತಿತ್ರಿ. ಮುಂಜಾನೆ ಸುರೀಬಾರ್ದಾಗಿತ್ತು ನಾ. ಸುರೂದಿಲ್ಲ ಅಂತ ಹೇಳಬೇಕಾಗಿತ್ತು. ಸಮಿತಿಯವ್ರು ಬರ್ತಾರ ಅಂತ ಅಂಜಿ ಸುರದ್ನಿ."

ಬೆಳ್ಳಿ ಹಿಡಿಯಿತು, ಮೂರು ಪಟ್ಟೆ ಬಿಟ್ಟು. ದಿಲ್ಲಿಯವರು ಬಂದು ಬಟ್ಟೆ ಸರಿಸಿದಾಗ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕನ್ನಡಿಯ ನಡುವೆ ವಿಭೂತಿಯ ಮೂರು ಗೆರೆ ಬರಿ ಗಾಜಾಗಿ ಕಾಣುತ್ತಿದ್ದವು. ಒಬ್ಬರು ನಕ್ಕರು. ಇನ್ನೊಬ್ಬರು ಇದು ವೀಕ್ಷಣಾಲಯವೋ ದೇವಸ್ಥಾನವೋ ಎಂದರು. ಯಾರು ಮಾಡಿದ್ದು ಎಂಬ ಪ್ರಶ್ನೆ ಬಂತು. ಎಂಜಿನಿಯರ್ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು.

"ನಂಗ ಇಂಗ್ಲಿಷ್ ತಿಳೀದಿಲ್ಲ," ಎನ್ನುತ್ತಾರೆ ಗುರುಬಾಯಿ. "ಆದ್ರ ಅವ್ರು ಹೇಳಿದ ಕೂಡ್ಲೆ ಎಲ್ಲಾರೂ ನನ್ನ ಕಡೆ ಹೊಳ್ಳಿ ನೋಡಿದ್ರು. ತಿಳೀತ್ರಿ."

ಅವರ ಸಿಟ್ಟು ಯಾವುದರ ಮೇಲೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಗುರುಬಾಯಿಯದು ಕುರುಬರ ಮನೆ, ಮಾಳಿಂಗರಾಯನ ಒಕ್ಕಲು. ಅವರ ಹಣೆಯಲ್ಲಿ ಕಾಣುವುದು ವಿಭೂತಿಯಲ್ಲ, ದೇವರ ಅರಿಶಿನದ ಪುಡಿ, ಹಳದಿ ಭಂಡಾರ. "ನಮ್ಮನ್ಯಾಗ ಇಬತ್ತಿ ಉಂಡೀನ ಇಲ್ರಿ. ನಾ ಹಚ್ಚಿದ್ರ ಭಂಡಾರ ಹಚ್ತಿದ್ನಿ. ದಿಲ್ಲಿಯವ್ರಿಗೆ ಅದು ತಿಳೀಲಿಕ್ಕಿಲ್ಲ, ಬಿಡ್ರಿ. ಇವ್ರಿಗೆ ತಿಳೀತಿತ್ತಲ್ಲ!" ವರ್ಷವಿಡೀ ಪಕ್ಕದಲ್ಲಿ ಕೂತು ರೊಟ್ಟಿ ತಿಂದವನಿಗೆ ಎದುರಿನ ಹಣೆ ಕಾಣಲಿಲ್ಲವೇ ಎಂಬುದು ಅವರ ಪ್ರಶ್ನೆ.

ವೀಕ್ಷಣಾಲಯಕ್ಕೆ ಮಂಜೂರಿ ಸಿಗಲಿಲ್ಲ. ಸಂಸ್ಥೆಯ ಕ್ಯಾಂಟೀನಿನಲ್ಲಿ ಇವತ್ತಿಗೂ ಅದರ ಕಾರಣ ಕೇಳಿದರೆ ಧಾರಾವಿಯ ಒಬ್ಬ ಹೆಂಗಸು ವಿಭೂತಿ ಹಚ್ಚಿ ಕೆಡಿಸಿದಳು ಎನ್ನುತ್ತಾರೆ, ಚಹಾದ ಜೊತೆ ನಂಚಿಕೊಳ್ಳುವ ಕತೆಯಾಗಿಬಿಟ್ಟಿದೆ. ಖಾಯಂ ಮಾತು ಅಲ್ಲಿಗೇ ನಿಂತಿತು. ಚೆನ್ನಯ ಅವರ ಕಾರ್ಖಾನೆಗೆ ಸಂಸ್ಥೆಯ ಕೆಲಸವೂ ನಿಂತಿತು. ಗುರುಬಾಯಿ ಸಲೂನಿನ ಕನ್ನಡಿಗಳಿಗೆ ಮರಳಿದರು.

ಹೋದ ವರ್ಷ, ರೈಲು ಮುಷ್ಕರ ಮುಗಿದ ಮೇಲೆ, ಯೋಜನೆಗೆ ಮತ್ತೆ ಜೀವ ಬಂತು. ಹೊಸ ಅರ್ಜಿ, ಹೊಸ ಸಮಿತಿ, ಅದೇ ಗುಡ್ಡ. ಜೀಪು ಮತ್ತೆ ಧಾರಾವಿಗೆ ಬಂತು. ಈ ಸಲ ಹತ್ತು ಕನ್ನಡಿ, ಒಂದು ಷರತ್ತು: ಆ ಹೆಂಗಸು ಮುಟ್ಟಕೂಡದು. ಚೆನ್ನಯ ಒಪ್ಪಿಕೊಂಡರು. ಬೇರೆ ಇಬ್ಬರನ್ನು ಇಟ್ಟು ನೋಡಿದರು, ಎರಡು ಗಾಜು ಮಬ್ಬಾದವು. ಆಮೇಲೆ ಒಂದು ದಿನ ಗುರುಬಾಯಿಯ ಗುಡಿಸಿಲಿಗೆ ಹೋಗಿ, ನಸುಕಿನಲ್ಲಿ ಬಂದು ಮಾಡಿಹೋಗು ಎಂದರು. ಇದನ್ನು ಕೇಳಿ ನಾನು ಮುಖ ಗಂಟಿಕ್ಕಿದ್ದನ್ನು ನೋಡಿ ಚೆನ್ನಯ ಕೈ ಜೋಡಿಸಿದರು. "ನಾನು ಎಂಥ ಮಾಡುದು ಹೇಳಿ? ಸತ್ಯ ಹೇಳಲಿಕ್ಕೆ ಹೋದರೆ ಇದ್ದ ಕೆಲಸವೂ ಹೋಗ್ತದೆ. ಅವಳಿಗೂ ಇಲ್ಲ, ನನಗೂ ಇಲ್ಲ. ದಯಮಾಡಿ ನೀವು ಹೆಸರು ಬದಲಿಸಿ ಬರೆಯಿರಿ. ಲಕ್ಷ್ಮಿಯೋ ಸರಸ್ವತಿಯೋ ಎಂಥಾದರೂ ಹಾಕಿ."

ಹೊಸ ಯೋಜನೆಯ ಮೇಲ್ವಿಚಾರಣೆ ಈಗ ಅದೇ ಎಂಜಿನಿಯರರದು. ಬಡ್ತಿ ಸಿಕ್ಕಿದೆ. ಗೋರೆಗಾಂವಿನ ಅವರ ಕ್ವಾರ್ಟರ್ಸಿಗೆ ಒಂದು ಭಾನುವಾರ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಜಗಳಕ್ಕೆ ಆಸ್ಪದ ಸಿಗಲಿಲ್ಲ. ಗುರುಬಾಯಿ ಎಂಬ ಹೆಸರು ಕೇಳಿದ್ದೇ ಅವರು ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನಾನ ಹಚ್ಚಿದ್ದು," ಎಂದರು. "ಸುಳ್ಳ ಯಾಕ ಹೇಳ್ಲಿ. ಮುಂಜಾನೆ ಲಿಂಗಪೂಜಿ ಮಾಡ್ಕೊಂಡ ಬರಾಂವ ನಾನು, ಕೈ ಅದಾಗೇ ಹೋತು. ನಾನು ಅಂತ ಹೇಳಿದ್ರ ಏನಾಗ್ತಿತ್ತು? ಎಂಜಿನಿಯರನ ಹಿಂಗ ಮಾಡ್ತಾನಂದ್ರ ಇಡೀ ಯೋಜನಾನ ನಗೆಪಾಟಲ ಆಗ್ತಿತ್ತು. ಕೂಲಿಯವ್ರು ಮಾಡ್ಯಾರ ಅಂದ್ರ ಹೋಗ್ಲಿ ಬಿಡು ಅಂತಾರ. ವೀಕ್ಷಣಾಲಯ ಉಳೀಲಿ ಅಂತ ಹೇಳಿದೆ."

"ಉಳಿಯಿತೇ?"

"ಇಲ್ರಿ. ಸಮಿತಿಯವ್ರು ಬರೂಕಿಂತ ಮೊದ್ಲ ರೊಕ್ಕ ಬ್ಯಾರೆ ಕಡೆ ಹೋಗಿತ್ತು. ಗಡಿಯೊಳಗ ಯುದ್ಧದ ತಯಾರಿ ನಡದಿತ್ತು. ಸಮಿತಿ ಬಂದದ್ದು ಬರೇ ಶಾಸ್ತ್ರಕ್ಕ. ಆ ಮೂರು ಗೆರಿ ಇರದಿದ್ರೂ ಇಲ್ಲಾ ಅಂತಿದ್ರು. ಆಮ್ಯಾಲೆ ತಿಳೀತು."

ಅಂದರೆ ಆ ಸುಳ್ಳು ಯಾರನ್ನೂ ಉಳಿಸಲಿಲ್ಲ, ಹೇಳಿದವರೊಬ್ಬರನ್ನು ಬಿಟ್ಟು. ಇದನ್ನು ಅವರ ಮುಖಕ್ಕೇ ಹೇಳಿದೆ. ಅವರು ತಲೆಯಾಡಿಸಿದರು. ಆ ಷರತ್ತು ತೆಗೆಸಬಹುದಲ್ಲ ಎಂದೆ. "ತಗಸಾಕ ಹೋದ್ರ ಯಾಕಂತ ಕೇಳ್ತಾರ," ಎಂದರು. ಹೊರಡುವಾಗ ಮೆಟ್ಟಿಲ ತನಕ ಬಂದು ದನಿ ತಗ್ಗಿಸಿ ಹೇಳಿದ ಮಾತು ಇದು: "ಕನ್ನಡಿ ನೋಡಿದ್ರ ಕೈ ಯಾರದು ಅಂತ ನನಗ ಗೊತ್ತಾಗ್ತದ್ರಿ. ಅದಕ್ಕ ನಾ ಒಂಬತ್ತರ ಒಳಗ ಅಲ್ಲಿ ಹೋಗೂದಿಲ್ಲ."

ಅದನ್ನು ಅವರು ಉಪಕಾರವೆಂದು ತಿಳಿದಿದ್ದಾರೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು, ತಡಮಾಡಿ ಬರುವುದು, ಒಣಗಿದ ಕನ್ನಡಿಯನ್ನು ಜೀಪಿಗೆ ಏರಿಸಿಕೊಂಡು ಹೋಗುವುದು. ಕೆಟ್ಟವರೇ ಆಗಿದ್ದರೆ ಬೈದು ಮುಗಿಸಬಹುದಿತ್ತು.

ಮರುದಿನ ನಸುಕಿನಲ್ಲಿ ಧಾರಾವಿಗೆ ಹೋಗಿ ಎಂಜಿನಿಯರ್ ಹೇಳಿದ್ದನ್ನೆಲ್ಲ ಗುರುಬಾಯಿಗೆ ಹೇಳಿದೆ. ಹತ್ತನೆಯ ಗಾಜಿಗೆ ಚಾಂದಿ ನೀರು ಸುರಿದಿದ್ದರು, ತೂಗುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಯುದ್ಧದ ಮಾತು ಬಂದಾಗ ಮಾತ್ರ ಕೈ ಒಂದು ಕ್ಷಣ ತಡೆಯಿತು. "ಅಂದ್ರ ನಾ ಕೆಡಿಸಿಲ್ಲ," ಎಂದರು. ಮೂರು ವರ್ಷದಿಂದ ತಮ್ಮಿಂದಲೇ ಕೆಟ್ಟಿತೆಂದು ಅವರೂ ಅರ್ಧ ನಂಬಿಬಿಟ್ಟಿದ್ದರು. ಸುರಿಯಬಾರದಿತ್ತು ಎಂಬ ಮಾತು ಅವರನ್ನು ಎಷ್ಟು ತಿಂದಿರಬೇಕೆಂಬುದು ನನಗೆ ಹೊಳೆದದ್ದು ಆಗ. ಇದನ್ನು ಅವರಿಗೆ ಬಂದು ಹೇಳುವಷ್ಟೂ ಆ ಮನುಷ್ಯನಿಗೆ ಆಗಲಿಲ್ಲವಲ್ಲ!

ಹೆಸರಿನ ವಿಷಯ ಎತ್ತಿದೆ. ಚೆನ್ನಯ ಬದಲಿಸಿ ಎನ್ನುತ್ತಿದ್ದಾರೆ, ನಿಜವಾದ ಹೆಸರು ಹಾಕಿದರೆ ಈ ಕೆಲಸ ಹೋಗಬಹುದು ಎಂದೆ.

"ನನ್ ಹೆಸರ ಹಾಕ್ರಿ," ಎಂದರು. "ಗುರುಬಾಯಿ ಗಂಡ ಮರೆಪ್ಪ, ಇಂಡಿ ತಾಲೂಕ. ಕೆಲಸ ಹೋದ್ರ ಹೋಗ್ಲಿ, ಮಂದಿ ಹಜಾಮತಿ ಬಿಡೂದಿಲ್ಲ, ಸಲೂನಿಗೆ ಕನ್ನಡಿ ಬೇಕ ಆಗ್ತಾವ. ಸಾಹೇಬ್ರ ಹೆಸರು ಹಾಕಬ್ಯಾಡ್ರಿ. ಎರಡು ಹೆಣ್ಮಕ್ಕಳದಾವ ಅವ್ರಿಗೆ, ಬೀಗರ ಕಣ್ಣಿಗೆ ಬಿದ್ರ ಚಲೋ ಅಲ್ಲ."

ಎಂಜಿನಿಯರ್ ಇಲ್ಲಿ ಹೆಸರಿಲ್ಲದೆ ಉಳಿದದ್ದು ಇದಕ್ಕೆ. ನನಗೆ ಒಪ್ಪಿಗೆಯಿರಲಿಲ್ಲ. ಹೆಸರು ಕಳೆದುಕೊಂಡವರು ಹೆಸರು ಕಳೆದವನನ್ನು ಕಾಯಬೇಕೆ ಎಂದು ರೇಗಿದೆ. ಅವರು ಜಗ್ಗಲಿಲ್ಲ.

"ಇಂಗ್ಲಿಷ್ ಪೇಪರಿಗೆ ಕೊಡಲೇ? ದಿಲ್ಲಿಯವರಿಗೂ ಮುಟ್ಟುತ್ತದೆ," ಎಂದೆ.

"ಬ್ಯಾಡ್ರಿ. ಆ ಆಫೀಸಿನ್ಯಾಗ ಕನ್ನಡ ಪೇಪರ್ ಓದಾವ್ರು ಒಬ್ರ. ಅವ್ರಿಗೆ ಮುಟ್ಟಿದ್ರ ಸಾಕು."

ಗಾಜಿನ ತಳದಲ್ಲಿ ಬಲ್ಬು ಮೂಡಿತು, ಪಕ್ಕದಲ್ಲಿ ಭಂಡಾರ ಹಚ್ಚಿದ ಒಂದು ಹಣೆಯೂ ಮೂಡಿತು. ಗುರುಬಾಯಿ ಅದನ್ನು ನೋಡಿ ಬಟ್ಟೆ ಹೊದಿಸಿದರು. ಮಣೆ ಮೂಲೆಗೆ ಸರಿಸಲಿಲ್ಲ. ಲೋಟ ತೊಳೆದು ಅಲ್ಲೇ ಬೋರಲು ಹಾಕಿದರು. ಬೇರೇನಾದರೂ ಬರೆಯುವುದಿದೆಯೇ ಎಂದು ಕೇಳಿದಾಗ ಹಿಂದಿನ ಬಾಗಿಲಲ್ಲಿ ನಿಂತು ಹೇಳಿದರು:

"ಇದು ಪೇಪರಿನ್ಯಾಗ ಬಂದ ಮ್ಯಾಲ ನಂಗ ಓದಾಕ ಬರೂದಿಲ್ಲ ಅಂತ ಬರೀರಿ. ಮೊದಲಿನಂಗ ಅವ್ರ ಬಂದು ಓದಿ ಹೇಳ್ಲಿ. ಒಂಬತ್ತರ ಒಳಗ ಬರ್ಲಿ, ನಾ ಇರ್ತೀನಿ."